ಕೊಡಗಿನ ಕಿತ್ತಳೆಯೂ ಒಂದು ಸೀಸೆ ಜಿನ್ನೂ

ಮೈಸೂರಿನಿಂದ ಹೊರಟು, ಹುಣಸೂರನ್ನು ದಾಟಿ, ತಿತಿಮತಿಯ ಕಾಡನ್ನು ಹಾದು ಗೋಣಿಕೊಪ್ಪವನ್ನು ಸೇರುವ ಮಾರ್ಗದಲ್ಲಿ ಮಾರ್ಗಶಿರ ಮಾಸದ ಬೆಳಗಿನ ಹೊತ್ತು ಪಯಣಿಸುವ ಭಾಗ್ಯ ನಿಮಗೆ ದೊರೆತರೆ, ದಯವಿಟ್ಟು ಗಾಡಿಯ ಕಿಟಕಿಯ ಗಾಜನ್ನು ಇಳಿಸಿ ಕುಳಿತುಕೊಳ್ಳಿರಿ. ಚಳಿಯಾಗುವುದು ನಿಜ, ಮಕ್ಕಳ ತಾಯಿ ಗೊಣಗುವುದೂ ನಿಜ. ಆದರೆ ಕಾಡು ಮುಗಿದು ತೋಟ ಮೊದಲಾಗುವ ಜಾಗವನ್ನು ಅಲ್ಲಿ ಕಣ್ಣಿಗಿಂತ ಮುಂಚೆ ಮೂಗು ಗುರುತಿಸುತ್ತದೆ. ಮೊದಲು ಬಿದಿರು ಮತ್ತು ಒದ್ದೆ ತರಗೆಲೆಯ ವಾಸನೆ. ಅನಂತರ ಕೊಯ್ಲಿಗೆ ಬಂದ ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿವಾಸನೆ. ಅದರ ಬೆನ್ನಿಗೇ, ಅದೃಷ್ಟವಿದ್ದರೆ, ಮೂರನೆಯದೊಂದು ಪರಿಮಳ: ಯಾರೋ ಆಗತಾನೆ ಉಗುರಿನಿಂದ ಸೀಳಿದ ಕಿತ್ತಳೆ ಸಿಪ್ಪೆಯದು.

‘ಅದೃಷ್ಟವಿದ್ದರೆ’ ಎಂದು ಬರೆಯಬೇಕಾಗಿ ಬಂದಿರುವುದೇ ಈ ಪ್ರವಾಸದ ದುಃಖ. ಹಿಂದೆ ಈ ಪರಿಮಳವನ್ನು ಅದೃಷ್ಟದ ಲೆಕ್ಕಕ್ಕೆ ಯಾರೂ ಸೇರಿಸುತ್ತಿರಲಿಲ್ಲ. ಹುತ್ತರಿಯ ಹಬ್ಬ ಮುಗಿಯುವ ವೇಳೆಗೆ ದಕ್ಷಿಣ ಕೊಡಗಿನ ದಾರಿಯ ಇಕ್ಕೆಲಗಳಲ್ಲಿಯೂ ಕಿತ್ತಳೆಯ ರಾಶಿಗಳು ಏಳುತ್ತಿದ್ದುವೆಂದು ಆ ಸೀಮೆಯ ಹಿರಿಯರು ಇಂದಿಗೂ ಕೈಯಗಲಿಸಿ ತೋರಿಸುತ್ತಾರೆ. 1960ರ ದಶಕದಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕ ಭೂಮಿಯಲ್ಲಿ ಕೊಡಗಿನ ಕಿತ್ತಳೆ ಬೆಳೆಯುತ್ತಿತ್ತೆಂದೂ, ಶತಮಾನ ಮುಗಿಯುವ ಹೊತ್ತಿಗೆ ಅದು ಎರಡು ಸಾವಿರ ಹೆಕ್ಟೇರಿಗಿಂತ ಕಡಮೆಯಾಯಿತೆಂದೂ ಲೆಕ್ಕ ಹೇಳುತ್ತಾರೆ. 2006ರಲ್ಲಿ ಈ ಹಣ್ಣಿಗೆ ‘ಭೌಗೋಳಿಕ ಸೂಚಕ’ವೆಂಬ ಮರ್ಯಾದೆ ಲಭಿಸಿತು. ಮನೆ ಖಾಲಿಯಾದ ಮೇಲೆ ಬಾಗಿಲಿಗೆ ಹೆಸರಿನ ಫಲಕ ಹಾಕಿದಂತೆ! ಗೋಣಿಕೊಪ್ಪದ ಸಂತೆಯಲ್ಲಿ ನಾನು ಕಂಡ ಮೊದಲ ಕಿತ್ತಳೆ ಬುಟ್ಟಿಯೇ ನಾಗಪುರದ್ದು. ವ್ಯಾಪಾರಿಯೇನೂ ಅದನ್ನು ಮರೆಮಾಚಲಿಲ್ಲ. “ಇಲ್ಲಿಯದು ಬೇಕಾದರೆ ತೋಟದ ಮನೆಗಳಲ್ಲಿ ಕೇಳಿ ನೋಡಿ ಸ್ವಾಮಿ” ಎಂದ.

ನಮಗೆ ಕೇಳುವ ಪ್ರಮೇಯ ಬರಲಿಲ್ಲ. ನಾವು ಅತಿಥಿಗಳಾಗಿ ಇಳಿದದ್ದೇ ಅಂಥ ಒಂದು ತೋಟದ ಮನೆಯಲ್ಲಿ. ಯಜಮಾನರು ಸೈನ್ಯದಿಂದ ನಿವೃತ್ತರಾದವರು. ಕಾರ್ಯಪ್ಪ, ತಿಮ್ಮಯ್ಯನವರಂಥ ಸೇನಾನಿಗಳನ್ನು ಹೆತ್ತ ನಾಡಿನಲ್ಲಿ ಇದೇನೂ ವಿಶೇಷವಲ್ಲ. ವಿಶೇಷವೆನಿಸಿದ್ದು ಅವರ ಪತ್ನಿ. ತೋಟದ ಲೆಕ್ಕಪತ್ರ, ಆಳುಕಾಳು, ಗೊಬ್ಬರ, ಅಡಿಗೆ, ಆತಿಥ್ಯ ಎಲ್ಲವೂ ಆಕೆಯದೇ. ಯಜಮಾನರ ಪಾಲಿಗೆ ಉಳಿದಿರುವುದು ಪತ್ರಿಕೆಯ ಪದಬಂಧ ಮತ್ತು ನಾಯಿಗಳು. ಮನೆಯ ಹಿಂದಿನ ಇಳಿಜಾರಿನಲ್ಲಿ, ಸಿಲ್ವರ್ ಓಕ್ ಮತ್ತು ಹಾಲುವಾಣದ ನೆರಳಿನಲ್ಲಿ ಕಾಫಿ. ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಕಾಫಿಯ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು, ಒಟ್ಟು ಹದಿನಾಲ್ಕು ಕಿತ್ತಳೆ ಗಿಡ. “ನನ್ನ ಅತ್ತೆಯವರ ಕಾಲದಲ್ಲಿ ಇವನ್ನು ಯಾರೂ ಎಣಿಸುತ್ತಿರಲಿಲ್ಲ. ಈಗ ಪ್ರತಿಯೊಂದಕ್ಕೂ ಹೆಸರಿಡುವುದೊಂದು ಬಾಕಿ” ಎಂದರು ಆಕೆ.

ಸಂಜೆ ಆರು ಗಂಟೆಗೆ ಮಂಜು ಇಳಿಯಿತು. ಜಗಲಿಯಲ್ಲಿ ಬೆತ್ತದ ಕುರ್ಚಿಗಳು ಬಂದುವು. ಒಳಗಿನಿಂದ ಪಂದಿಕರಿಗೆ ಕಾಚಂಪುಳಿ ಬಿದ್ದ ಸದ್ದೂ ಘಮಲೂ ಬಂದುವು. ಸಸ್ಯಾಹಾರಿಗಳಾದ ನಮಗೆ ಬೇರೆ ಒಲೆಯ ಮೇಲೆ ಕಡಂಬುಟ್ಟೂ ಕುಂಬಳದ ಪಲ್ಯವೂ ಸಿದ್ಧವಾಗುತ್ತಿದ್ದುವು. ಆ ಹೊತ್ತಿಗೆ ಯಜಮಾನರು ಬೀರುವಿನಿಂದ ಒಂದು ಸೀಸೆ ಜಿನ್ ತೆಗೆದು ಮೇಜಿನ ಮೇಲಿಟ್ಟರು.

ಇಲ್ಲಿ ವಾಚಕರ ಕ್ಷಮೆ ಕೋರಿ ಒಂದು ಮಾತು. ಮದ್ಯದ ಹೆಸರೆತ್ತಿದರೆ ನಮ್ಮ ಕಡೆಯ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಅದಕ್ಕೆ ಕಾರಣವೂ ಉಂಟು. ಕುಡಿತದಿಂದ ಹಾಳಾದ ಸಂಸಾರಗಳನ್ನು ನಮ್ಮ ಬೀದಿಯಲ್ಲಿಯೇ ಕಂಡವನು ನಾನು. ಆದರೆ ಕೊಡವರ ಮನೆಯ ಸಂಪ್ರದಾಯವೇ ಬೇರೆ. ಗತಿಸಿದ ಹಿರಿಯರಿಗೆ ಎಡೆಯಿಡುವಾಗಲೂ ಅಲ್ಲಿ ಮದ್ಯವಿಡುವುದುಂಟು. ಕದ್ದು ಕುಡಿಯಬೇಕಾದ ಅಗತ್ಯವಿಲ್ಲದ ಕಡೆ ಅಳತೆಮೀರಿ ಕುಡಿಯುವ ಆತುರವೂ ಕಡಮೆಯಿರಬಹುದೆಂದು ನನಗೆ ತೋರಿತು. ಈ ಮಾತನ್ನು ಸಿದ್ಧಾಂತವೆಂದು ತೆಗೆದುಕೊಳ್ಳಬೇಕಾಗಿಲ್ಲ; ಆ ಒಂದು ಮನೆಯಲ್ಲಿ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಜಿನ್ ಎಂದರೇನು? ಬಣ್ಣವಿಲ್ಲದ ಮದ್ಯಸಾರಕ್ಕೆ ಜೂನಿಪರ್ ಎಂಬ ಗಿಡದ ಕಾಯಿಯ ಪರಿಮಳ ಹಿಡಿಸಿದ ಪೇಯ. ಈ ಕಾಯಿಯನ್ನು ನಮ್ಮ ಆಯುರ್ವೇದ ಹಪುಷಾ ಎಂಬ ಹೆಸರಿನಿಂದ ಬಲ್ಲದು. ಅದರ ಜೊತೆಗೆ ಕೊತ್ತಂಬರಿ ಬೀಜ, ಏಂಜೆಲಿಕವೆಂಬ ಗಿಡದ ಬೇರು, ಒಣಗಿಸಿದ ನಿಂಬೆ ಕಿತ್ತಳೆಗಳ ಸಿಪ್ಪೆ ಇವೂ ಸೇರುವುದು ವಾಡಿಕೆ. ಸಾರಿನ ಪುಡಿಗೂ ಜಿನ್ನಿಗೂ ಕೊತ್ತಂಬರಿಯ ನೆಂಟಸ್ತಿಕೆ ಇದೆಯೆಂದು ತಿಳಿದಾಗ ನನ್ನ ಮನೆಯವಳು ಸೀಸೆಯನ್ನು ಸ್ವಲ್ಪ ಸ್ನೇಹಭಾವದಿಂದ ನೋಡಿದಳು. ಹಾಲೆಂಡಿನಲ್ಲಿ ಹುಟ್ಟಿದ ಈ ಪೇಯ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಬಡವರ ಬದುಕನ್ನು ಹೇಗೆ ಹಿಂಡಿತೆಂಬುದನ್ನು ಹೋಗಾರ್ತ್ ಎಂಬ ಚಿತ್ರಕಾರ 1751ರಲ್ಲಿ ಕೆತ್ತಿದ ಒಂದು ಭಯಂಕರ ಚಿತ್ರದಲ್ಲಿ ಕಾಣಬಹುದು. ಭಾರತಕ್ಕೆ ಬಂದಾಗ ಅದು ಸಭ್ಯವೇಷ ತೊಟ್ಟಿತು. ಮಲೇರಿಯಕ್ಕೆ ಮದ್ದಾದ ಕ್ವಿನೀನಿನ ಕಹಿಯನ್ನು ಸಕ್ಕರೆ, ಸೋಡಾಗಳೊಡನೆ ಬೆರೆಸಿ, ಅದಕ್ಕೆ ಜಿನ್ ಹಾಕಿ, ಔಷಧವೆಂದು ಹೇಳಿಕೊಂಡು ಆಂಗ್ಲರು ಕುಡಿದರು. 1834ರಲ್ಲಿ ಕೊಡಗು ಅವರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟವನ್ನು ಹಾಕಿದ. ಜ್ವರದ ಆ ಕಾಡಿನಲ್ಲಿ ಅಂಥ ಔಷಧಕ್ಕೆ ನೆಪಗಳ ಕೊರತೆ ಇದ್ದಿರಲಾರದು.

ಯಜಮಾನರು ಆ ಪಂಥದವರೇ. ಜಿನ್ನಿಗೆ ಟಾನಿಕ್ ನೀರೊಂದನ್ನು ಬಿಟ್ಟು ಇನ್ನೇನನ್ನು ಬೆರೆಸಿದರೂ ಅಪಚಾರವೆಂದು ಅವರ ಮತ.

“ಹನ್ನೊಂದು ತಿಂಗಳು ನಿಮ್ಮ ಮತವೇ ನಡೆಯಲಿ. ಕಿತ್ತಳೆ ಕೆಂಪಾಗುವ ತಿಂಗಳು ನನ್ನದು” ಎಂದು ಆಕೆ ನಗುತ್ತ ಒಂದು ಬುಟ್ಟಿಯೊಂದಿಗೆ ಬಂದರು.

ಬುಟ್ಟಿಯಲ್ಲಿ ಎರಡು ಬಗೆಯ ಹಣ್ಣು. ಒಂದು ಕೊಡಗಿನ ಕಿತ್ತಳೆ: ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ತೆಳುವಾದ ಹೊಳಪಿನ ಸಿಪ್ಪೆ, ಹಳದಿಯ ನಡುವೆ ಇನ್ನೂ ಮಾಸದ ಹಸಿರಿನ ಮಚ್ಚೆ. ನಾಗಪುರದ ಹಣ್ಣು ಸಡಿಲ ಜುಬ್ಬ ತೊಟ್ಟ ಶ್ರೀಮಂತನಾದರೆ ಇದು ಬಿಗಿಯಾಗಿ ಕುಪ್ಪಸ ತೊಟ್ಟ ಕೊಡವ ಜವಾನ; ಸಿಪ್ಪೆ ತೊಳೆಗೆ ಅಂಟಿಕೊಂಡಿರುತ್ತದೆ. ರುಚಿಯೂ ಹಾಗೆಯೇ, ಬರಿಯ ಸಿಹಿಯಲ್ಲ, ಸಿಹಿಯ ಬೆನ್ನಿಗೆ ಹುಳಿ. ಇನ್ನೊಂದು ಹಣ್ಣು ಒರಟು ಸಿಪ್ಪೆಯ ಕೈಪುಳಿ. ಹೆಸರೇ ಹೇಳುವಂತೆ ಕಹಿಯೂ ಹುಳಿಯೂ ಆದ ಕಿತ್ತಳೆ. ಇದನ್ನು ಯಾರೂ ಸುಲಿದು ತಿನ್ನುವುದಿಲ್ಲ. ಬೆಲ್ಲ, ಮೆಣಸು ಕೂಡಿಸಿ ಪಜ್ಜಿ ಮಾಡುತ್ತಾರೆ. ಪಜ್ಜಿಯೆಂದರೆ ಕೊಡವರ ಚಟ್ನಿ.

ಈಗ ಪಾಕಕ್ರಮ. ಆಕೆ ಹೇಳಿದ್ದನ್ನು ನನ್ನ ಮನೆಯವಳು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಂತೆಯೇ ಕೊಡುತ್ತೇನೆ. ಇದು ಒಬ್ಬರಿಗೆ, ಒಂದು ಲೋಟಕ್ಕೆ.

ಎರಡು ಕಿತ್ತಳೆಗಳನ್ನು ತೊಳೆದು ಒರಸಿ, ಮೊದಲು ಒಂದರ ಸಿಪ್ಪೆಯನ್ನು ಚೂರಿಯಿಂದ ಹೆಬ್ಬೆರಳಿನಗಲ, ಎರಡಂಗುಲ ಉದ್ದ ಹೆರೆದು ಬೇರೆಯಿಡಬೇಕು. ಒಳಗಿನ ಬಿಳಿಯ ನಾರು ಬರಕೂಡದು, ಬಂದರೆ ಕಹಿ. ಆಮೇಲೆ ಹಣ್ಣುಗಳನ್ನು ಅಡ್ಡಲಾಗಿ ಕೊಯ್ದು ಕೈಯಿಂದಲೇ ಹಿಂಡಿ, ರಸವನ್ನು ಸೋಸಿ, 60 ಮಿಲಿಲೀಟರ್ ಅಳೆಯಬೇಕು. ಯಂತ್ರದಲ್ಲಿ ಅರೆಯುವುದನ್ನು ಆಕೆ ಒಪ್ಪುವುದಿಲ್ಲ. ಬೀಜ ಅರೆದುಹೋದರೆ ರಸ ಕೆಟ್ಟಿತೆಂದೇ ಅರ್ಥ. ಈ ಹಣ್ಣಿನಲ್ಲಿ ಬೀಜಕ್ಕೇನೂ ಬರವಿಲ್ಲ. ಕೈಪುಳಿಯ ರಸ 15 ಮಿಲಿಲೀಟರ್. ಕೈಪುಳಿ ಸಿಕ್ಕದ ಊರಿನವರು ನಿಂಬೆಯ ರಸವನ್ನು ಹಾಕಬಹುದು. ಜೇನು ಒಂದು ಟೀ ಚಮಚ, ಅಷ್ಟೇ ಬಿಸಿನೀರಿನಲ್ಲಿ ಕದಡಿದ್ದು. ಗಟ್ಟಿಯಾಗಿ ಹಾಕಿದರೆ ಮಂಜುಗಡ್ಡೆ ತಗುಲಿದೊಡನೆ ತಳದಲ್ಲಿ ಅಂಟಿ ಕೂರುತ್ತದೆ. ಜಿನ್ 45 ಮಿಲಿಲೀಟರ್, ಅಂದರೆ ಒಂದೂವರೆ ಸಣ್ಣ ಪೆಗ್. “ಇದಕ್ಕಿಂತ ಹೆಚ್ಚು ಹಾಕಿದರೆ ಕಿತ್ತಳೆ ಕಾಣುವುದಿಲ್ಲ, ಕಡಮೆ ಹಾಕಿದರೆ ಇವರು ಕಾಣುವುದಿಲ್ಲ” ಎಂದು ಆಕೆ ಯಜಮಾನರ ಕಡೆ ತೋರಿಸಿದರು.

ಇವೆಲ್ಲವನ್ನೂ ಬೆರೆಸಲು ಪಟ್ಟಣದ ಹೋಟೆಲುಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಪಾತ್ರೆಯುಂಟು. ಆ ಮನೆಯಲ್ಲಿದ್ದದ್ದು ಹಾರ್ಲಿಕ್ಸಿನ ಹಳೆಯ ಗಾಜಿನ ಸೀಸೆ. ಅದರೊಳಕ್ಕೆ ಎಲ್ಲವನ್ನೂ ಸುರಿದು, ಐದಾರು ತುಂಡು ಮಂಜುಗಡ್ಡೆ ಹಾಕಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಹದಿನೈದು ಎಣಿಸುವವರೆಗೆ ಬಲವಾಗಿ ಕುಲುಕಬೇಕು. ಕುಲುಕುವುದು ತಣಿಸುವುದಕ್ಕೆ ಮಾತ್ರವಲ್ಲ. ಮಂಜುಗಡ್ಡೆ ಸ್ವಲ್ಪ ಕರಗಿ ನೀರಾಗಿ ಸೇರುವುದೂ ಪಾಕದ ಒಂದು ಭಾಗವೇ. ಅದರಿಂದ ಮದ್ಯದ ಉರಿ ತಗ್ಗುತ್ತದೆ. ಸೀಸೆಯ ಹೊರಮೈ ಬೆವರತೊಡಗಿದಾಗ ಬಿಚ್ಚಿ, ಟೀ ಸೋಸುವ ಜರಡಿಯಲ್ಲಿ ಲೋಟಕ್ಕೆ ಸೋಸಬೇಕು.

ಕೊನೆಯದಾಗಿ, ಮೊದಲು ಹೆರೆದಿಟ್ಟ ಸಿಪ್ಪೆ. ಆಕೆ ಅದನ್ನು ಲೋಟದ ಮೇಲೆ, ಹೊರಮೈ ಕೆಳಗಾಗಿ ಹಿಡಿದು, ಎರಡು ಕೈಯ ಬೆರಳುಗಳಿಂದ ಚಿವುಟಿದರು. ದೀಪದ ಬೆಳಕಿನಲ್ಲಿ ಮಂಜಿನಂಥ ಸಣ್ಣ ಹನಿಗಳು ಹಾರಿ ಪೇಯದ ಮೇಲೆ ಬಿದ್ದುದು ಕಂಡಿತು. ಬಾಲ್ಯದಲ್ಲಿ ಕಿತ್ತಳೆ ಸಿಪ್ಪೆಯನ್ನು ಅಕ್ಕತಂಗಿಯರ ಕಣ್ಣಿಗೆ ಚಿಮ್ಮಿಸಿ ಬೈಸಿಕೊಂಡವರಿಗೂ, ದೀಪದ ಕುಡಿಯ ಬಳಿ ಚಿವುಟಿ ಚಟಪಟನೆ ಕಿಡಿ ಹಾರಿಸಿದವರಿಗೂ ಈ ಹನಿಯ ಪರಿಚಯ ಇದ್ದೇ ಇದೆ. ಅದು ಸಿಪ್ಪೆಯ ಎಣ್ಣೆ. ಕಿತ್ತಳೆಯ ಪರಿಮಳದ ಬಹುಪಾಲು ಇರುವುದು ಅಲ್ಲಿಯೇ ಹೊರತು ರಸದಲ್ಲಲ್ಲ. ಈ ಎಣ್ಣೆ ನೀರಿನೊಂದಿಗೆ ಬೆರೆಯದು, ಮದ್ಯಸಾರದೊಂದಿಗೆ ಬೆರೆಯುತ್ತದೆ. ಜಿನ್ ತಯಾರಿಸುವವರು ಕಿತ್ತಳೆ ಸಿಪ್ಪೆಯನ್ನು ಬಳಸುವ ಗುಟ್ಟೂ ಇದೇ. ಆಮೇಲೆ ಆಕೆ ತಮ್ಮದೇ ತೋಟದ ಒಳ್ಳೆಮೆಣಸನ್ನು ಒಂದೇ ಒಂದು ಕಾಳು ಜಜ್ಜಿ ಮೇಲುದುರಿಸಿದರು.

ರುಚಿ ಹೇಗಿತ್ತು ಎಂದು ನೀವು ಕೇಳುವಿರಿ. ಮೊದಲು ಮೂಗಿಗೆ ಸಿಪ್ಪೆ. ನಾಲಗೆಗೆ ತಂಪಾದ ಸಿಹಿ. ಅದು ಕರಗುವಷ್ಟರಲ್ಲಿ ಕೈಪುಳಿಯ ಹುಳಿ. ಗಂಟಲಲ್ಲಿ ಮೆಣಸೋ ಜಿನ್ನೋ ಹೇಳಲಾಗದ ಒಂದು ಬೆಚ್ಚನೆಯ ಗೆರೆ. ಯಜಮಾನರು ತಮ್ಮ ಮತವನ್ನು ಮರೆತು ಲೋಟ ಬರಿದು ಮಾಡಿದ್ದನ್ನು ನಾನು ಗಮನಿಸಿದೆ, ಆಕೆಯೂ ಗಮನಿಸಿದರು.

ಮರುದಿನ ಬೆಳಗ್ಗೆ ಪಟ್ಟಣದ ಬುದ್ಧಿ ನನ್ನದು, ರಸವನ್ನು ಸೀಸೆಯಲ್ಲಿ ತುಂಬಿ ಬೆಂಗಳೂರಿಗೆ ಒಯ್ಯಬಹುದಲ್ಲವೆ ಎಂದು ಕೇಳಿದೆ. “ಒಯ್ಯಬಹುದು, ಕುಡಿಯಲಾಗದು” ಎಂದರು. ಹಿಂಡಿದ ಕಿತ್ತಳೆಯ ರಸ ನಿಂತಷ್ಟೂ ಕಹಿಯಾಗುತ್ತ ಹೋಗುತ್ತದೆ. ಹಣ್ಣಿನಲ್ಲಿದ್ದಾಗ ರುಚಿಯೇ ತೋರದ ಒಂದು ದ್ರವ್ಯ, ತೊಳೆ ಒಡೆದು ಹುಳಿಯೊಡನೆ ಸೇರಿದ ಮೇಲೆ ಮೆಲ್ಲನೆ ಕಹಿಯಾದ ಲಿಮೋನಿನ್ ಆಗಿ ಮಾರ್ಪಡುವುದೇ ಇದಕ್ಕೆ ಕಾರಣ. ಆದುದರಿಂದ ಇದು ಹಿಂಡಿದ ಗಳಿಗೆಯಲ್ಲಿಯೇ ಕುಡಿಯಬೇಕಾದ ಪೇಯ. ಅಂಗಡಿಯ ಡಬ್ಬಿಯ ರಸ ಇದಕ್ಕೆ ಒಗ್ಗದು.

ಆ ಮನೆಯ ನಿಯಮವೊಂದನ್ನು ಇಲ್ಲಿ ಹೇಳದಿದ್ದರೆ ಪಾಕಕ್ರಮ ಅಪೂರ್ಣ. ಎಲ್ಲರಿಗೂ ಒಂದೊಂದು ಲೋಟವಾದ ಕೂಡಲೇ ಸೀಸೆ ಬೀರುವಿಗೆ ಹೋಯಿತು, ಬೀಗದ ಕೈ ಆಕೆಯ ಸೊಂಟಕ್ಕೆ ಹೋಯಿತು. ನಮ್ಮ ದೇಶದ ಜಿನ್ನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8ರಷ್ಟು ಮದ್ಯಸಾರವಿರುತ್ತದೆ. ಎಂದರೆ ಆ ಒಂದು ಲೋಟದಲ್ಲಿಯೇ 19 ಮಿಲಿಲೀಟರಿನಷ್ಟು ಅಪ್ಪಟ ಮದ್ಯಸಾರ. ಕಿತ್ತಳೆಯ ಮಾಧುರ್ಯ ಅದನ್ನು ಮರೆಸುವುದರಿಂದಲೇ ಎಚ್ಚರ ಬೇಕು. ಮದ್ಯದಲ್ಲಿ ಪೂರ್ಣ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗರ್ಭಿಣಿಯರಿಗೂ, ಘಾಟಿಯ ದಾರಿಯಲ್ಲಿ ಗಾಡಿ ನಡೆಸಬೇಕಾದವರಿಗೂ ಇದು ಸಲ್ಲದು. ನಮ್ಮ ಗಾಡಿಯ ಚಾಲಕನಿಗೂ, ಮಕ್ಕಳಿಗೂ, ಮದ್ಯ ಮುಟ್ಟದ ನನ್ನ ಮನೆಯವಳಿಗೂ ಆಕೆ ಅದೇ ರಸ, ಅದೇ ಜೇನು, ಅದೇ ಮೆಣಸನ್ನು ಜಿನ್ನಿನ ಬದಲು ಸೋಡಾ ಬೆರೆಸಿ ಕೊಟ್ಟರು. ಮಕ್ಕಳು ತಮ್ಮದೇ ಮೇಲೆಂದು ಸಾಧಿಸಿದರು. ನಿಜ ಹೇಳಬೇಕೆಂದರೆ, ಮೆಣಸಿನ ಘಾಟು ಸೋಡಾದಲ್ಲಿಯೇ ಹೆಚ್ಚು ಚೆನ್ನಾಗಿ ಏಳುತ್ತದೆ.

ಆ ದಿನ ಹಗಲು ತೋಟ ಸುತ್ತಿದೆವು. ಹದಿನಾಲ್ಕು ಗಿಡಗಳಲ್ಲಿ ಮೂರರ ಎಲೆಗಳು ಅಲ್ಲಲ್ಲಿ ಹಳದಿಗೆ ತಿರುಗಿದ್ದುವು. ಕಬ್ಬಿಣ ಗೊಬ್ಬರವೋ ಸತುವಿನ ಗೊಬ್ಬರವೋ ಸಾಲದೆ ಬಂದ ಹಳದಿಯಂತೆ ಅದು ಎಲೆಯ ಎರಡು ಕಡೆಯೂ ಒಂದೇ ಸಮನಾಗಿರಲಿಲ್ಲ. ಒಂದು ಅರ್ಧ ಹಸಿರು, ಒಂದು ಅರ್ಧ ಮಚ್ಚೆ. ಹಣ್ಣು ಸೊಟ್ಟಗೆ, ಗೋಲಿಯಂತೆ ಚಿಕ್ಕದು. ಇದೇ ‘ಗ್ರೀನಿಂಗ್’ ಎಂಬ ರೋಗ. ಗಿಡದ ಆಹಾರರಸ ಹರಿಯುವ ನಾಳಗಳಲ್ಲಿ ಸೇರುವ ಬ್ಯಾಕ್ಟೀರಿಯ ಇದರ ಮೂಲ. ಸಿಲ್ಲಿಡ್ ಎಂಬ ಎಳ್ಳಿನಷ್ಟು ಗಾತ್ರದ ಕೀಟ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುತ್ತದೆ. ರೋಗದ ಗಿಡದಿಂದ ಕಣ್ಣು ತೆಗೆದು ಕಸಿ ಮಾಡಿದರೂ ಹರಡುತ್ತದೆ. ಹಿಡಿದ ಗಿಡವನ್ನು ಬಿಡಿಸುವ ಮದ್ದಿಲ್ಲ. ಕಡಿದು ತೆಗೆಯುವುದೇ ಉಪಾಯ. ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಈ ಹಣ್ಣಿನ ಹಿಂದೆ ಬಿದ್ದು ಕೆಲಸ ಮಾಡಿದ್ದಾರೆ.

ಆದರೆ ರೋಗವೊಂದನ್ನೇ ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲವೆಂದು ಆಕೆಯ ಅಭಿಪ್ರಾಯ. ಕಿತ್ತಳೆ ಹೋದ ಜಾಗಕ್ಕೆ ಮೆಣಸು ಬಂತು. ಮೆಣಸಿಗೆ ಬೇರೆ ಜಾಗ ಬೇಡ, ನೆರಳಿನ ಮರವೇ ಸಾಕು; ಒಣಗಿಸಿ ಚೀಲದಲ್ಲಿಟ್ಟರೆ ಬೆಲೆ ಬರುವವರೆಗೂ ಕಾಯುತ್ತದೆ. ಕಿತ್ತಳೆ ಕಾಯುವುದಿಲ್ಲ. ಕಾಫಿಯ ಕೊಯ್ಲಿಗೆ ಆಳು ಸಿಕ್ಕದೆ ಪರದಾಡುವ ತಿಂಗಳಿನಲ್ಲಿಯೇ ಅದೂ ಹಣ್ಣಾಗಿ ಕೂರುತ್ತದೆ. ಹಾಗಾದರೆ ಈ ಹದಿನಾಲ್ಕು, ಅಲ್ಲ, ಹನ್ನೊಂದು ಗಿಡಗಳಿಂದ ಲಾಭವೇನೆಂದು ನಾನು ಕೇಳಿದೆ. ಆಕೆ ಕೊಂಬೆಯೊಂದನ್ನು ಬಗ್ಗಿಸಿ ಎಲೆಯ ಅಡಿಯನ್ನು ಪರೀಕ್ಷಿಸುತ್ತ, “ಲಾಭ ಕಾಫಿಯಿಂದ ಬರುತ್ತದಲ್ಲ. ಮನೆಗೆ ಬಂದವರಿಗೆ ನಮ್ಮ ನೆಲದ ಹಣ್ಣು ಕೊಡದೆ ಅಂಗಡಿಯಿಂದ ತಂದು ಕೊಡುವುದೆ?” ಎಂದರು. ಸ್ವಲ್ಪ ತಡೆದು, “ಮೂರನ್ನು ಬರುವ ವಾರ ಕಡಿಸಬೇಕು. ಇವರಿಗೆ ಇನ್ನೂ ಹೇಳಿಲ್ಲ. ಅದರಲ್ಲೊಂದು ಇವರ ತಾಯಿ ನೆಟ್ಟದ್ದು” ಎಂದರು.

ಬೆಂಗಳೂರು, ಮೈಸೂರುಗಳಲ್ಲಿರುವ ವಾಚಕರಿಗೆ ಹಣ್ಣಿನ ಗುರುತನ್ನು ಮತ್ತೊಮ್ಮೆ ಹೇಳುತ್ತೇನೆ. ನವೆಂಬರಿನಿಂದ ಫೆಬ್ರವರಿಯ ನಡುವೆ ಬುಟ್ಟಿಯಲ್ಲಿ ಹಸಿರು ಮಿಶ್ರಿತ ಹಳದಿಯ, ಬಿಗಿಯಾದ ಸಿಪ್ಪೆಯ, ಗಾತ್ರಕ್ಕೆ ಮೀರಿ ತೂಗುವ ಕಿತ್ತಳೆ ಕಂಡರೆ ಕಾಯಿಯೆಂದು ತಳ್ಳಿಬಿಡಬೇಡಿರಿ, ಎಲ್ಲಿಯದೆಂದು ಕೇಳಿರಿ. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ. ಅದು ಸಿಕ್ಕದ ವರ್ಷ ನಾಗಪುರದ ಹಣ್ಣಿನಲ್ಲಿಯೇ ಮಾಡುವುದಾದರೆ ಜೇನನ್ನು ಅರ್ಧಕ್ಕಿಳಿಸಿ, ನಿಂಬೆಯನ್ನು ಒಂದು ಟೀ ಚಮಚ ಏರಿಸಬೇಕು. ದೇವನಹಳ್ಳಿಯ ಚಕ್ಕೋತವೂ ಜಿನ್ನಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ರಕ್ತದೊತ್ತಡಕ್ಕೋ ಕೊಲೆಸ್ಟರಾಲಿಗೋ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದರ ತಂಟೆಗೆ ಹೋಗಬಾರದು. ಆ ಜಾತಿಯ ಹಣ್ಣು ಕೆಲವು ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ.

ಹೊರಡುವ ದಿನ ಆಕೆ ನಮಗೆ ಕೊಟ್ಟದ್ದು ಎರಡು ಡಜನ್ ಹಣ್ಣು, ಮತ್ತು ಕಾಗದದ ಪೊಟ್ಟಣದಲ್ಲಿ, ಸಂಜೆಯ ಜರಡಿಯಲ್ಲಿ ಉಳಿದ ಬೀಜ. ತೊಳೆದು ನೆರಳಲ್ಲಿ ಆರಿಸಿದ್ದಳು ಅಡಿಗೆಯ ಹುಡುಗಿ. ಈ ಜಾತಿಯ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಗುಣವನ್ನೇ ಹೊತ್ತು ಬರುತ್ತವೆ. ಬೀಜ ಪೂರ್ತಿ ಒಣಗಿದರೆ ಹುಟ್ಟುವುದಿಲ್ಲ. ಹಸಿಯಿರುವಾಗಲೇ, ಅರ್ಧ ಅಂಗುಲ ಆಳದಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ ಊರಬೇಕು. ಫಲ ಕಾಣಲು ಏಳೆಂಟು ವರ್ಷ ಹಿಡಿಯಬಹುದು. ನಮ್ಮ ಮಹಡಿಯ ಮೇಲೆ ಎಣ್ಣೆಯ ಹಳೆಯ ಡಬ್ಬಗಳಲ್ಲಿ ಈಗ ಒಂಬತ್ತು ಸಸಿಗಳಿವೆ. ಮೊನ್ನೆ ಮಗಳು ಒಂದರ ಎಲೆಯನ್ನು ಹಿಸುಕಿ ನನ್ನ ಮೂಗಿಗೆ ಹಿಡಿದಳು.